ಹಿಂದಿರುಗುವ ಕೊಡಲಿ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿದವನೊಬ್ಬ ಕೊಡಲಿಯ ವಿಷಯವಾಗಿ, ಅದೂ ಟೆಲಿವಿಷನ್ನಿನ ಪರದೆಯ ಮೇಲೆ ಆಡುವ ಆಟವೊಂದರ ಕೊಡಲಿಯ ವಿಷಯವಾಗಿ, ಭಾಷಣ ಮಾಡಲು ಬಂದಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗಾದರೂ ನಗು ಬಂದೀತು. ನಗುವುದರಲ್ಲಿ ತಪ್ಪೇನಿಲ್ಲ. ಎರಡು ವರ್ಷಗಳ ಹಿಂದೆ ನನಗೆ ಯಾರಾದರೂ ಇದನ್ನು ಹೇಳಿದ್ದರೆ ನಾನೂ ನಗುತ್ತಿದ್ದೆ. ಬಹುಶಃ ನಕ್ಕು ಸುಮ್ಮನಾಗದೆ ಬೈಯುತ್ತಲೂ ಇದ್ದೆ. ಬೈದದ್ದೂ ಉಂಟು. ಆ ಸಂಗತಿಯಿಂದಲೇ ಈ ಮಾತನ್ನು ಆರಂಭಿಸಬೇಕಾಗಿದೆ.

ನನ್ನ ಶ್ರೀಮತಿ ತೀರಿಕೊಂಡು ಇಪ್ಪತ್ತು ದಿನಗಳೂ ಕಳೆದಿರಲಿಲ್ಲ. ಮನೆಯಲ್ಲಿ ಬಂಧುಗಳ ಗದ್ದಲ ಅಡಗಿ, ಅದಕ್ಕಿಂತ ಕಷ್ಟವಾದ ಮೌನ ಆರಂಭವಾಗಿತ್ತು. ಒಂದು ಸಂಜೆ ಒಳಕೋಣೆಯಿಂದ ಕತ್ತರಿಸುವ, ಗರ್ಜಿಸುವ ಸದ್ದು ಕೇಳಿ ಹೋಗಿ ನೋಡಿದರೆ, ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿರುವ ಮೊಮ್ಮಗ ಪರದೆಯ ಮುಂದೆ ಕುಳಿತಿದ್ದ. ಪರದೆಯ ಮೇಲೆ ಬೋಳುತಲೆಯ, ಬೂದುಬಣ್ಣದ ಮೈಯ ಭೀಮಕಾಯನೊಬ್ಬ ಕೊಡಲಿ ಬೀಸುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಅಜ್ಜಿ ಹೋಗಿ ಇಪ್ಪತ್ತು ದಿನ ಆಗಿಲ್ಲ, ಕೊಡಲಿ ಹಿಡ್ಕೊಂಡು ಕುಣೀತಿದೀಯಲ್ಲ, ನಿನಗೆ ಕರುಳು ಅನ್ನೋದು ಇದೆಯೇನೋ?" ಎಂದುಬಿಟ್ಟೆ. ಅವನು ಉತ್ತರ ಕೊಡಲಿಲ್ಲ. ಆಟವನ್ನು ಆರಿಸಿ ಎದ್ದುಹೋದ. ಆಮೇಲೆ ಎಷ್ಟೋ ದಿನ ನನ್ನೊಡನೆ ಅವನ ಮಾತು 'ಹೂಂ', 'ಉಹೂಂ'ಗಳಲ್ಲೇ ಮುಗಿಯುತ್ತಿತ್ತು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಅವನೇ ಬಂದು, "ತಾತ, ಐದು ನಿಮಿಷ ಕೂತ್ಕೋತೀರಾ? ಇದರ ಶುರು ಮಾತ್ರ ನೋಡಿ" ಎಂದ. ಕುಳಿತೆ.

ಆ ಆಟದ ಹೆಸರು 'ಗಾಡ್ ಆಫ್ ವಾರ್'. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸಾಂಟಾ ಮೋನಿಕಾ ಸ್ಟುಡಿಯೊ ಎಂಬ ಸಂಸ್ಥೆ ನಿರ್ಮಿಸಿ, ಕೋರಿ ಬಾರ್ಲಾಗ್ ಎಂಬವರು ನಿರ್ದೇಶಿಸಿದ ಈ ಕೃತಿ ೨೦೧೮ರ ಏಪ್ರಿಲ್‌ನಲ್ಲಿ ಹೊರಬಂದಿತು. ಇದೇ ಹೆಸರಿನ ಹಳೆಯ ಆಟಗಳು ೨೦೦೫ರಿಂದಲೂ ಇದ್ದುವು. ಅವುಗಳ ಕಥೆ ಗ್ರೀಕ್ ಪುರಾಣಲೋಕದಲ್ಲಿ ನಡೆಯುತ್ತದೆ. ೨೦೧೮ರ ಆಟದಲ್ಲಿ ಅದೇ ನಾಯಕ ಕ್ರೇಟೋಸ್ ತನ್ನ ಹಳೆಯ ಪಾಪಗಳನ್ನು ಹಿಂದೆ ಬಿಟ್ಟು ಉತ್ತರ ಯುರೋಪಿನ ಹಿಮದ ನಾಡಿಗೆ, ವೈಕಿಂಗರು ನಂಬಿದ ದೇವತೆಗಳ ಲೋಕಕ್ಕೆ, ಬಂದು ನೆಲೆಸಿದ್ದಾನೆ. ಅಲ್ಲಿ ಫೇ ಎಂಬವಳನ್ನು ಮದುವೆಯಾಗಿದ್ದಾನೆ. ಅಟ್ರಿಯಸ್ ಎಂಬ ಮಗನಿದ್ದಾನೆ.

ಆಟ ತೆರೆದುಕೊಳ್ಳುವುದು ಯುದ್ಧದಿಂದಲ್ಲ. ಹಿಮದ ಕಾಡು. ಒಂದು ಮರದ ಮೇಲೆ ಹೊಂಬಣ್ಣದ ಅಂಗೈ ಗುರುತು. ಕ್ರೇಟೋಸ್ ಆ ಗುರುತಿನ ಮೇಲೆ ತನ್ನ ಕೈಯಿಡುತ್ತಾನೆ. ಆಮೇಲೆ ಕೊಡಲಿ ಎತ್ತಿ ಮರ ಕಡಿಯುತ್ತಾನೆ. ಹೆಂಡತಿ ಸತ್ತಿದ್ದಾಳೆ. ಅದು ಆಕೆಯೇ ಗುರುತಿಟ್ಟುಹೋದ ಮರ. ಆಕೆಯ ಚಿತೆಗೆ ಸೌದೆ. ಆಟಗಾರನ ಕೈಗೆ ಕೊಡಲಿ ಬಂದೊಡನೆ ಅದು ಮಾಡುವ ಮೊದಲ ಕೆಲಸ ಇದು. ಚಿತೆ ಉರಿದ ಮೇಲೆ ತಂದೆಮಕ್ಕಳು ಆಕೆಯ ಬೂದಿಯನ್ನು ಚೀಲದಲ್ಲಿ ಕಟ್ಟಿಕೊಂಡು, ಆಕೆಯ ಕೊನೆಯ ಆಸೆಯಂತೆ ಎಲ್ಲ ಲೋಕಗಳಲ್ಲೂ ಅತ್ಯಂತ ಎತ್ತರವಾದ ಶಿಖರದಿಂದ ಚೆಲ್ಲಲು ಹೊರಡುತ್ತಾರೆ. ಆಟದ ಕಥೆಯೆಲ್ಲ ಈ ಪ್ರಯಾಣವೇ.

ವಿದ್ಯುತ್ ಚಿತಾಗಾರದಲ್ಲಿ ಒಂದು ಕಾಗದಕ್ಕೆ ರುಜು ಹಾಕಿ ಹೊರಗೆ ಬೆಂಚಿನ ಮೇಲೆ ಕಾದು ಕುಳಿತಿದ್ದವನು ನಾನು. ಮರುದಿನ ಮಡಕೆಯನ್ನು ಹಿಡಿದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದಾಗ ನನ್ನ ಪಕ್ಕದಲ್ಲಿ ನೀರಿಗಿಳಿದು ನಿಂತಿದ್ದವನು ಈ ಹುಡುಗ. ಅವನು ಅಂದು ಸಂಜೆ ಏನು ನೋಡುತ್ತ ಕುಳಿತಿದ್ದನೆಂಬುದು ನನಗೆ ಆಗ ತಿಳಿಯಿತು. ಆಟವನ್ನು ಕಲಿಸಿಕೊಡು ಎಂದು ಕೇಳಿದೆ. ಈ ಆಟ ಹದಿನೆಂಟು ತುಂಬಿದವರಿಗೆ ಮಾತ್ರ ಎಂಬ ಸೂಚನೆ ಡಬ್ಬದ ಮೇಲಿತ್ತು. ಆ ಅರ್ಹತೆ ನನಗೆ ಧಾರಾಳವಾಗಿತ್ತು. ಉಳಿದ ಯಾವ ಅರ್ಹತೆಯೂ ಇರಲಿಲ್ಲ.

ಮೊದಲು ಕೊಡಲಿಯ ಕುಲಗೋತ್ರವನ್ನು ಹೇಳಿಬಿಡುತ್ತೇನೆ. ಅಧ್ಯಾಪಕನ ಚಟ, ಕ್ಷಮಿಸಬೇಕು. ಇದರ ಹೆಸರು ಲೆವಿಯಾಥನ್. ಈ ಹೆಸರು ವೈಕಿಂಗರದಲ್ಲ. ಹೀಬ್ರೂ ಬೈಬಲಿನಲ್ಲಿ ಬರುವ ಕಡಲ ಮಹಾಮೃಗದ ಹೆಸರು. ಆದರೆ ಇದನ್ನು ಮಾಡಿದ ಕಮ್ಮಾರರು ಅಚ್ಚ ಉತ್ತರದವರು: ಬ್ರೊಕ್ ಮತ್ತು ಸಿಂದ್ರಿ ಎಂಬ ಕುಳ್ಳ ಸಹೋದರರು. ಐಸ್‌ಲೆಂಡಿನ ವಿದ್ವಾಂಸ ಸ್ನೋರಿ ಸ್ಟರ್ಲುಸನ್ ಹದಿಮೂರನೆಯ ಶತಮಾನದ ಆರಂಭದಲ್ಲಿ ಬರೆದ 'ಎಡ್ಡಾ' ಗ್ರಂಥದಲ್ಲಿ ಈ ಸಹೋದರರ ಕಥೆ ಇದೆ. ಒಬ್ಬ ತಿದಿ ಒತ್ತುತ್ತಾನೆ, ಇನ್ನೊಬ್ಬ ಕುಲುಮೆ ನೋಡಿಕೊಳ್ಳುತ್ತಾನೆ. ಕುಹಕಿಯಾದ ಲೋಕಿ ನೊಣದ ರೂಪ ತಾಳಿ ತಿದಿ ಒತ್ತುವವನ ಕಣ್ಣೆವೆಯನ್ನು ಕಚ್ಚುತ್ತಾನೆ. ಒಂದು ಕ್ಷಣ ಕೈ ತಪ್ಪಿದ್ದರಿಂದ, ಅವರು ಮಾಡುತ್ತಿದ್ದ ಥಾರ್ ದೇವತೆಯ ಸುತ್ತಿಗೆಯ ಹಿಡಿ ಗಿಡ್ಡವಾಗಿ ಉಳಿಯುತ್ತದೆ. ಎಸೆದರೆ ಗುರಿ ತಪ್ಪದೆ ಮತ್ತೆ ಕೈಗೆ ಹಿಂದಿರುಗುವುದು ಆ ಸುತ್ತಿಗೆಯ ಗುಣವೆಂದು ಸ್ನೋರಿ ಹೇಳುತ್ತಾನೆ. ಆಟದ ಕರ್ತೃಗಳು ಆ ಗುಣವನ್ನು ಸುತ್ತಿಗೆಯಿಂದ ಎರವಲು ಪಡೆದು ಕೊಡಲಿಗೆ ಕೊಟ್ಟಿದ್ದಾರೆ. ಕಮ್ಮಾರರು ಅವರೇ ಆದುದರಿಂದ ಎರವಲು ಅನ್ಯಾಯವಲ್ಲ. ಇನ್ನೊಂದು ಮಾತು. ಕೊಡಲಿ ಮೂಲದಲ್ಲಿ ಕ್ರೇಟೋಸನದಲ್ಲ, ಫೇಗಾಗಿ ಮಾಡಿದ್ದು. ಅವನು ಹೊತ್ತು ನಡೆಯುವುದು ಸತ್ತ ಹೆಂಡತಿಯ ಕೊಡಲಿಯನ್ನು. ಸತ್ತವರ ಕೊಡಲಿಯನ್ನು ಹೊರುವುದು ಆ ನಾಡಿಗೆ ಹೊಸದೂ ಅಲ್ಲ: ನಾರ್ವೆಯ ದೊರೆ ಮ್ಯಾಗ್ನಸ್ ತನ್ನ ತಂದೆ ಓಲಾಫನ 'ಹೆಲ್' ಎಂಬ ಹೆಸರಿನ ಕೊಡಲಿಯನ್ನು ಹಿಡಿದು ಹೋರಾಡಿದನೆಂದು ಅದೇ ಸ್ನೋರಿ ರಾಜರ ಚರಿತ್ರೆಯಲ್ಲಿ ಬರೆದಿದ್ದಾನೆ.

ನಿಜವಾದ ವೈಕಿಂಗರಲ್ಲಿ ಖಡ್ಗ ಸಿರಿವಂತನ ಆಯುಧ, ಕೊಡಲಿ ಎಲ್ಲರದು. ಸೌದೆ ಒಡೆಯಲು, ಹಡಗಿನ ಹಲಗೆ ಸವರಲು ಪ್ರತಿ ಮನೆಯಲ್ಲೂ ಒಂದು ಕೊಡಲಿ ಇರುತ್ತಿತ್ತು. ಯುದ್ಧದ ಕೊಡಲಿ ಮಾತ್ರ ಬೇರೆ ಜಾತಿ. ಚಿತ್ರಗಳಲ್ಲಿ ಕಾಣುವ ಎರಡು ಬಾಯಿಯ, ಬಂಡೆಯಂತೆ ದಪ್ಪನಾದ ಕೊಡಲಿ ಅವರದಲ್ಲ. ಅವರದಕ್ಕೆ ಒಂದೇ ಬಾಯಿ. ತಲೆ ತೆಳುವು, ಅಂಚು ಅಗಲ. ಮೆದು ಕಬ್ಬಿಣದ ಒಡಲಿಗೆ ಗಟ್ಟಿ ಉಕ್ಕಿನ ಅಂಚನ್ನು ಕಾಯಿಸಿ ಬೆಸೆಯುತ್ತಿದ್ದರು. ಕೆಲವು ಕೊಡಲಿಗಳ ಅಂಚು ಗಡ್ಡದಂತೆ ಕೆಳಗೆ ಇಳಿದಿರುತ್ತದೆ. ಆ ಗಡ್ಡವನ್ನು ಎದುರಾಳಿಯ ಗುರಾಣಿಯ ಅಂಚಿಗೆ ಸಿಕ್ಕಿಸಿ ಎಳೆಯಬಹುದಿತ್ತು. ಡೆನ್ಮಾರ್ಕಿನ ಮ್ಯಾಮೆನ್ ಎಂಬಲ್ಲಿ ೧೮೬೮ರಲ್ಲಿ ಸಮಾಧಿಯೊಂದನ್ನು ಅಗೆದಾಗ ಬೆಳ್ಳಿಯ ಎಳೆಗಳನ್ನು ಕೂರಿಸಿದ ಕೊಡಲಿಯೊಂದು ದೊರೆಯಿತು. ಸಮಾಧಿಯ ಮರದ ಉಂಗುರಗಳನ್ನು ಎಣಿಸಿ, ಅದು ೯೭೦-೭೧ರ ಚಳಿಗಾಲದ್ದೆಂದು ನಿರ್ಧರಿಸಿದ್ದಾರೆ. ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಆ ಕೊಡಲಿಯ ಚಿತ್ರವನ್ನು ನೋಡಿದರೆ ಆಭರಣವೋ ಆಯುಧವೋ ಎಂಬ ಸಂಶಯ ಬರುತ್ತದೆ.

ತೆಳುವಾಗಿದ್ದರೂ ಕೊಡಲಿ ಕೊಡಲಿಯೇ. ಖಡ್ಗದ ಭಾರ ಹಿಡಿಯ ಹತ್ತಿರ ಸಮತೂಗಿರುತ್ತದೆ; ಕೊಡಲಿಯ ಭಾರವೆಲ್ಲ ಕಾವಿನ ತುದಿಯಲ್ಲಿ. ಪೆಟ್ಟು ಬಲವಾಗುವುದು ಅದರಿಂದಲೇ. ಬೀಸಿದ ಪೆಟ್ಟನ್ನು ನಡುವೆ ನಿಲ್ಲಿಸಲಾಗದಿರುವುದೂ ಅದರಿಂದಲೇ. ಬೀಸಿ ಗುರಿ ತಪ್ಪಿತೋ, ಕೊಡಲಿ ತನ್ನ ಜೊತೆಗೆ ಭುಜವನ್ನೂ ಎಳೆದುಕೊಂಡು ಹೋಗುತ್ತದೆ. ಆ ಒಂದು ಕ್ಷಣ ಮೈಯೆಲ್ಲ ಬಯಲು. ಆಟದಲ್ಲಿ ಕೊಡಲಿಯನ್ನು ಬಳಸುವ ವಿದ್ಯೆಯ ಬೀಜವೂ ಈ ಒಂದು ಕ್ಷಣದಲ್ಲಿಯೇ ಇದೆ.

ಆಟದ ಕೈಪಿಡಿಯಂತ್ರವನ್ನು ಎರಡು ಕೈಯಲ್ಲಿ ಹಿಡಿಯಬೇಕು. ಬಲತುದಿಯಲ್ಲಿ ಮೇಲೊಂದು, ಕೆಳಗೊಂದು ಗುಂಡಿ. ಮೇಲಿನದನ್ನು ಒತ್ತಿದರೆ ಲಘುವಾದ ಹೊಡೆತ. ಕೆಳಗಿನದಕ್ಕೆ ಭಾರಿ ಹೊಡೆತ. ಕೈಗೆ ಬಂದ ಹೊಸದರಲ್ಲಿ ನಾನು ಮಾಡಿದ್ದು ಎಲ್ಲ ಹೊಸಬರೂ ಮಾಡುವ ಕೆಲಸ: ಎರಡನ್ನೂ ಬಿಡುವಿಲ್ಲದೆ ಒತ್ತಿದೆ. ಡ್ರೌಗರ್ ಎಂಬ ಶತ್ರುಗಳು ಸುತ್ತ ನೆರೆದಿದ್ದರು. ಉತ್ತರದ ಸಾಗಾ ಕಥೆಗಳಲ್ಲಿ ಬರುವ, ಸಮಾಧಿಯಿಂದ ಎದ್ದು ನಡೆದಾಡುವ ಹೆಣಗಳು ಇವು. ಮೊದಲ ಹೊಡೆತಕ್ಕೆ ಒಂದು ಹೆಣ ಹಿಂದೆ ಸರಿಯಿತು; ಎರಡನೆಯದು ಗಾಳಿಗೆ ಹೋಯಿತು; ಮೂರನೆಯದನ್ನು ಬೀಸುವಷ್ಟರಲ್ಲಿ ಪಕ್ಕದಿಂದ ಬಂದದ್ದು ನನ್ನನ್ನು ಕೆಡವಿತು. ಹೀಗೆ ಒಂದೇ ಬೆಳಿಗ್ಗೆ ಹನ್ನೊಂದು ಸಲ ಸತ್ತೆ.

"ಅವನು ಹೊಡೆಯೋಕೆ ಕೈ ಎತ್ತಲಿ ಬಿಡಿ ತಾತ, ಆಮೇಲೆ ನೀವು" ಎಂದ ಮೊಮ್ಮಗ. ಮೊದಲ ಪಾಠ ಇದು. ಶತ್ರು ತನ್ನ ಹೊಡೆತಕ್ಕೆ ತಾನು ಕಟ್ಟುಬಿದ್ದಾಗ, ಅಂದರೆ ಅವನು ಬೀಸಿ ಮುಗಿಸಿ ಮೈ ಬಯಲಾದಾಗ, ನಮ್ಮ ಹೊಡೆತ ಆರಂಭವಾಗಬೇಕು. ಕ್ರೇಟೋಸನ ಎಡಗೈಯಲ್ಲಿ ಮಡಚಿ ಬಿಚ್ಚುವ ಗುರಾಣಿ ಇದೆ. ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಗುರಾಣಿ ಎತ್ತಿದರೆ ಶತ್ರು ತತ್ತರಿಸುತ್ತಾನೆ. ಆಗ ಕೊಡಲಿಗೆ ಎಡೆ. ಲಘು ಹೊಡೆತಗಳು ಒಬ್ಬನೇ ಶತ್ರುವನ್ನು ಹಿಂದೆ ಹಿಂದೆ ತಳ್ಳಲು. ಭಾರಿ ಹೊಡೆತ ಅಗಲವಾಗಿ ಬಾಗಿ ಹೋಗುವುದರಿಂದ, ಇಬ್ಬರು ಮೂವರು ಸೇರಿ ನಿಂತಾಗ ಹೆಚ್ಚು ಉಪಯುಕ್ತ. ಆದರೆ ಭಾರಿ ಹೊಡೆತಕ್ಕೆ ಸಮಯ ಬೇಕು. ಸಮಯವಿಲ್ಲದಾಗ ಅದನ್ನು ಎತ್ತುವುದು ಅವಿವೇಕ. ಮುಂದೆ ಒಂದು ಕೌಶಲ ಕೈಸೇರುತ್ತದೆ: ಪೆಟ್ಟು ತಿನ್ನದೆ ಸತತವಾಗಿ ಹೊಡೆದರೆ ಕೊಡಲಿಯಲ್ಲಿ ಶೈತ್ಯ ತುಂಬುತ್ತ ಹೋಗಿ ಪ್ರತಿ ಪೆಟ್ಟೂ ಬಲವಾಗುತ್ತದೆ. ಒಂದು ಪೆಟ್ಟು ತಿಂದರೆ ಕೂಡಿಟ್ಟ ಶೈತ್ಯ ಹೋಯಿತು. ಎಚ್ಚರಕ್ಕೆ ಬಡ್ಡಿ, ಆತುರಕ್ಕೆ ದಂಡ.

ಎರಡನೆಯ ಪಾಠ, ಎಸೆಯುವುದು. ಕೊಡಲಿ ಎಸೆಯುವುದೆಂದರೆ ನಮಗೆ ನೆನಪಾಗುವವನು ಪರಶುರಾಮ. ಅವನು ಎಸೆದ ಕೊಡಲಿಗೆ ಕಡಲು ಹಿಂದೆ ಸರಿದು ಕರಾವಳಿಯ ನೆಲ ಮೇಲೆದ್ದಿತೆಂಬ ಐತಿಹ್ಯವನ್ನು ಎಲ್ಲರೂ ಕೇಳಿದ್ದೇವೆ. ಕೊಡಲಿ ಅವನ ಕೈಗೆ ಹಿಂದಿರುಗಿತೆ ಎಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ಕಥೆ ಹೇಳಿದವರು ಮುಂದಿನ ಕಥೆಗೆ ಹೋಗಿದ್ದರು. ಈ ಆಟದಲ್ಲಿ ಆ ಪ್ರಶ್ನೆಗೆ ಉತ್ತರವಿದೆ. ಎಡತುದಿಯ ಗುಂಡಿಯನ್ನು ಒತ್ತಿ ಗುರಿಯಿಡಬೇಕು; ಬಲತುದಿಯ ಗುಂಡಿಯಿಂದ ಎಸೆಯಬೇಕು; ತ್ರಿಕೋನದ ಗುರುತಿನ ಗುಂಡಿಯನ್ನು ಒತ್ತಿದರೆ ಕೊಡಲಿ ಎಲ್ಲಿದ್ದರೂ ಸುತ್ತುತ್ತ ಬಂದು ಅಂಗೈಗೆ ಬಡಿಯುತ್ತದೆ. ಬಡಿದ ಅದುರು ಕೈಯಲ್ಲಿನ ಯಂತ್ರದಲ್ಲಿಯೂ ತಿಳಿಯುತ್ತದೆ.

ಎಲ್ಲಿಗೆ ಎಸೆಯಬೇಕು? ಎದೆಗೆ ಎಸೆಯುವುದು ಹೊಸಬನ ಅಭ್ಯಾಸ. ತಲೆಗೆ ತಗುಲಿದರೆ ಗಾಯ ಹೆಚ್ಚು. ಕಾಲಿಗೆ ತಗುಲಿದರೆ ಓಡಿ ಬರುವವನು ಮುಗ್ಗರಿಸಿ ಬೀಳುತ್ತಾನೆ. ಭಾರಿ ಎಸೆತದಿಂದ ಸಾಮಾನ್ಯ ಶತ್ರು ಸ್ವಲ್ಪ ಹೊತ್ತು ಹೆಪ್ಪುಗಟ್ಟಿ ನಿಲ್ಲುತ್ತಾನೆ. ಆಗ ಬುದ್ಧಿವಂತನಾದವನು ಕೊಡಲಿಯನ್ನು ಕೂಡಲೇ ಹಿಂದಕ್ಕೆ ಕರೆಯುವುದಿಲ್ಲ. ಅದನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಇನ್ನೊಬ್ಬನ ಕಡೆ ತಿರುಗುತ್ತಾನೆ. ಬರಿಗೈಯ ಗುದ್ದು ಕೊಡಲಿಯಷ್ಟು ಗಾಯ ಮಾಡುವುದಿಲ್ಲ. ಆದರೆ ಶತ್ರುವನ್ನು ಬೇಗ ದಿಙ್ಮೂಢನನ್ನಾಗಿ ಮಾಡುತ್ತದೆ. ಹಾಗೆ ಮಂಕಾದವನನ್ನು ಒಂದೇ ಹಿಡಿತದಲ್ಲಿ ಮುಗಿಸಬಹುದು. ಆದುದರಿಂದ ಖಾಲಿ ಕೈಯೂ ಕೊಡಲಿವಿದ್ಯೆಯ ಒಂದು ಭಾಗವೇ.

ಎಸೆಯುವವನು ಹೋಗುವ ದಾರಿಯನ್ನು ನೋಡಿದರೆ ಸಾಲದು, ಬರುವ ದಾರಿಯನ್ನೂ ನೋಡಬೇಕು. ಅದಕ್ಕೆ ತಕ್ಕ ಕೌಶಲವನ್ನು ಕಲಿತ ಮೇಲೆ, ಹಿಂದಿರುಗುವ ಕೊಡಲಿಯೂ ದಾರಿಯಲ್ಲಿ ಸಿಕ್ಕವರಿಗೆ ಪೆಟ್ಟು ಕೊಡುತ್ತದೆ. ಬಲ್ಲವರು ಶತ್ರುಗಳ ಆಚೆಗೆ ಕೊಡಲಿಯನ್ನು ನೆಟ್ಟು, ಅವರನ್ನು ತನಗೂ ಕೊಡಲಿಗೂ ನಡುವೆ ಬರುವಂತೆ ನಡೆದಾಡಿ, ಆಮೇಲೆ ಕರೆಯುತ್ತಾರೆ. ನನ್ನ ದೋಷ ಇದಕ್ಕೆ ವಿರುದ್ಧವಾದದ್ದು. ಎಸೆದ ಮೇಲೆ ಕೊಡಲಿ ನನ್ನದೆಂಬುದೇ ಮರೆತುಹೋಗುತ್ತಿತ್ತು. ಕೈ ಖಾಲಿಯಾಗಿ, ನಾಲ್ಕೂ ಕಡೆಯಿಂದ ಪೆಟ್ಟು ಬೀಳುತ್ತಿರುವಾಗ ಗುಂಡಿಗಳನ್ನು ತಡಕಾಡುತ್ತಿದ್ದೆ. "ಕರೀರಿ ತಾತ, ಕರೀರಿ ಅದನ್ನ!" ಎಂದು ಮೊಮ್ಮಗ ಕೂಗುತ್ತಿದ್ದ. ಅಡುಗೆಮನೆಯಿಂದ ಸೊಸೆ ಗಾಬರಿಯಾಗಿ ಯಾರನ್ನು ಕರೆಯಬೇಕೆಂದು ಕೇಳಿಕೊಂಡು ಬಂದದ್ದೂ ಉಂಟು.

ಯುದ್ಧವಿಲ್ಲದ ಕಡೆಯೂ ಕೊಡಲಿಗೆ ಕೆಲಸವಿದೆ. ಹಳೆಯ ದ್ವಾರಗಳ ಹಲ್ಲುಚಕ್ರಗಳಿಗೆ ಅದನ್ನು ಎಸೆದರೆ ಚಕ್ರ ಹಿಮಗಟ್ಟಿ ನಿಲ್ಲುತ್ತದೆ, ಬಾಗಿಲು ತೆರೆದೇ ಇರುತ್ತದೆ. ಕೊಡಲಿಯನ್ನು ಕರೆದೊಡನೆ ಮುಚ್ಚುತ್ತದೆ. ಎಲ್ಲಿ ಬಿಟ್ಟಿರಬೇಕು, ಎಷ್ಟು ಹೊತ್ತು ಬಿಟ್ಟಿರಬೇಕು, ಅದಿಲ್ಲದೆ ಎಷ್ಟು ದೂರ ನಡೆಯಬಹುದು ಎಂಬ ಲೆಕ್ಕವೇ ಈ ಒಗಟುಗಳ ಜೀವಾಳ.

ಮೂರನೆಯ ಪಾಠ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು: ಕೊಡಲಿ ನಡೆಯದ ಕಡೆ ಅದನ್ನು ಹಟದಿಂದ ಬೀಸಬಾರದು. ಮೈಗೆ ಹಿಮ ಕಟ್ಟಿದ ಒಂದು ಜಾತಿಯ ಶತ್ರುಗಳಿದ್ದಾರೆ. ಮೃತರ ಲೋಕವಾದ ಹೆಲ್‌ನಿಂದ ಬಂದವರು. ಕೊಡಲಿಯ ಬಲವೇ ಶೈತ್ಯ. ಅವರ ಮೈಯೂ ಶೈತ್ಯ. ಪೆಟ್ಟು ನಾಟುವುದಿಲ್ಲ. ಅವರ ಎದುರು ಬರಿಗೈಯೇ ಮೇಲು. ಕಥೆಯ ನಡುವೆ ಮಗ ಕಾಯಿಲೆ ಬಿದ್ದು, ಅವನನ್ನು ಉಳಿಸಲು ತಂದೆ ಆ ಲೋಕಕ್ಕೇ ಹೋಗಬೇಕಾಗುತ್ತದೆ. ಅಲ್ಲಿ ಈ ಕೊಡಲಿ ಕೆಲಸಕ್ಕೆ ಬಾರದು. ಕ್ರೇಟೋಸ್ ಒಬ್ಬನೇ ಮನೆಗೆ ಹಿಂದಿರುಗಿ, ನೆಲದ ಹಲಗೆಯ ಕೆಳಗೆ ಮುಚ್ಚಿಟ್ಟಿದ್ದ ಬೆಂಕಿಯ ಕತ್ತಿಗಳನ್ನು ಹೊರತೆಗೆಯುತ್ತಾನೆ. ಅವನ ಪಾಪವೆಲ್ಲ ಅಂಟಿಕೊಂಡಿರುವ ಹಳೆಯ ಆಯುಧಗಳು ಅವು. ಇನ್ನೆಂದೂ ಮುಟ್ಟುವುದಿಲ್ಲವೆಂದು ಬಚ್ಚಿಟ್ಟಿದ್ದುವು. ಮಗನಿಗಾಗಿ ಮುಟ್ಟುತ್ತಾನೆ.

ಈ ಕ್ರೇಟೋಸನಿಗೆ ಕೊಡಲಿಯನ್ನು ಕರೆಯಲು ಬರುತ್ತದೆ. ಮಗನನ್ನು ಕರೆಯಲು ಬರುವುದಿಲ್ಲ. ಆಟದ ಬಹುಭಾಗದಲ್ಲಿ ಅವನು ಮಗನನ್ನು ಕರೆಯುವುದು 'ಹುಡುಗಾ' ಎಂದು. ಮಗುವಿನ ಭುಜದ ಮೇಲೆ ಕೈಯಿಡಲು ಹೋಗಿ, ಕೈ ಹಿಂದೆಗೆದುಕೊಳ್ಳುತ್ತಾನೆ. ಆದರೆ ಹೋರಾಟದಲ್ಲಿ ಬೆನ್ನ ಹಿಂದಿನ ಅಪಾಯವನ್ನು ಕೂಗಿ ಹೇಳುವವನು ಆ ಹುಡುಗನೇ. ಆಟದ ದೃಶ್ಯ ನಾಯಕನ ಭುಜಕ್ಕೆ ಅಂಟಿಕೊಂಡಂತಿರುವುದರಿಂದ ಹಿಂದಿನದು ನಮಗೆ ಕಾಣಿಸದು. ಆ ದನಿಗೆ ಕಿವಿಗೊಡದವನ ಕೊಡಲಿ ಎಷ್ಟು ಹರಿತವಾಗಿದ್ದರೂ ಪ್ರಯೋಜನವಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅಂದು ಸಂಜೆ ನಾನು ಬೀಸಿದ್ದು ಅಂಥದೊಂದು ಮಾತು. ಭಾರವೆಲ್ಲ ತುದಿಯಲ್ಲಿತ್ತು, ನಡುವೆ ನಿಲ್ಲಿಸಲಾಗಲಿಲ್ಲ. ಅದು ಎಲ್ಲಿ ನಾಟಿತೆಂದು ಎರಡು ತಿಂಗಳು ನಾನು ತಿರುಗಿಯೂ ನೋಡಲಿಲ್ಲ. ಹಿಂದಕ್ಕೆ ತರುವ ಗುಂಡಿ ಅದಕ್ಕಿಲ್ಲ. ನಾಟಿದ ಜಾಗದವರೆಗೆ ನಾವೇ ನಡೆದುಹೋಗಬೇಕು.

ಮೊನ್ನೆ ಒಂದು ರಾತ್ರಿ ನಾನು ಆಡುತ್ತಿದ್ದೆ. ಅವನು ಪಕ್ಕದಲ್ಲಿ ಕುಳಿತಿದ್ದ. ಪರದೆಯ ಕಡೆಗೇ ನೋಡುತ್ತ, "ಆವತ್ತು ನಾನು ಹಾಗೆ ಅನ್ನಬಾರದಿತ್ತು ಕಣೋ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಗೊತ್ತು ತಾತ," ಎಂದ, "ಎಡಗಡೆ ನೋಡಿ, ಬರ್ತಿದಾನೆ."

ನೋಡಿದೆ. ಕೈ ಖಾಲಿಯಾಗಿತ್ತು. ಕೊಡಲಿಯನ್ನು ಕರೆದೆ.